ಕಾವೇರಿ ಪಕ್ಕ ಸೈಕಲ್ ಟ್ರಿಪ್: ತಲಕಾವೇರಿಯಿಂದ ಶಿವನಸಮುದ್ರಕ್ಕೆ ಪ್ಲಾನ್ ಮಾಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಯೂರೋಪಲ್ಲಿ ಡ್ಯಾನ್ಯೂಬ್ ಪಕ್ಕ ಇರೋ ಥರ ಸೈಕಲ್ಲಿಗೇ ಅಂತ ಮಾಡಿರೋ ದಾರಿ ಕಾವೇರಿ ಪಕ್ಕ ಇಲ್ಲ. ರಸ್ತೆ ಒಂದಷ್ಟು ದೂರ ಹೊಳೆ ಜೊತೆ ಬರುತ್ತೆ, ಆಮೇಲೆ ತೋಟನೋ ಗದ್ದೆನೋ ಅಡ್ಡ ಬಂದು ಎಲ್ಲಿಗೋ ತಿರುಗಿಬಿಡುತ್ತೆ, ಇನ್ನೊಂದು ದಡದಲ್ಲಿ ಚೆನ್ನಾಗಿರೋ ರಸ್ತೆ ಕಣ್ಣಿಗೆ ಕಾಣ್ತಾ ಇದ್ರೂ ಅಲ್ಲಿಗೆ ಹೋಗೋಕೆ ಸೇತುವೆ ಹುಡುಕ್ಕೊಂಡು ಸುತ್ತಬೇಕು. ಅದಕ್ಕೆ ಕಿಲೋಮೀಟರ್ ಲೆಕ್ಕ ಆಮೇಲೆ ಇಟ್ಕೊಳ್ಳಿ, ಮೊದ್ಲು ಸೇತುವೆ ಲೆಕ್ಕ ಹಾಕಿ. ಯಾವ ಸೇತುವೆಯಿಂದ ಯಾವ ಸೇತುವೆವರೆಗೆ ಯಾವ ದಡ ಅಂತ ಒಂದು ಚೀಟಿಲಿ ಬರ್ಕೊಂಡ್ರೆ ಅರ್ಧ ಪ್ಲಾನ್ ಮುಗೀತು.

ಒಟ್ಟು ಸುತ್ತು ಬಳಸು ಸೇರಿ ಹತ್ರತ್ರ 300 ಕಿ.ಮೀ. ಆಗುತ್ತೆ. ಆರಾಮಾಗಿ ಐದಾರು ದಿನ ಇಟ್ಕೊಳ್ಳಿ, ಮೂರು ದಿನದಲ್ಲಿ ಹೊಡೀಬಹುದು ಆದ್ರೆ ಆಗ ಹೊಳೆ ನೋಡೋದೇ ಇಲ್ಲ, ಬರೀ ಟಾರು ನೋಡ್ತೀರ.

ಟೈಮು ಅಂದ್ರೆ ನವೆಂಬರಿಂದ ಫೆಬ್ರವರಿ. ಮಳೆಗಾಲದಲ್ಲಿ ಕೊಡಗು ಬೇಡವೇ ಬೇಡ, 2018ರಿಂದ ಗುಡ್ಡ ಕುಸಿದಿರೋದು ಎಲ್ರಿಗೂ ಗೊತ್ತು, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರೀನೇ ಜಾರಿತ್ತು. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣಕ್ಕೆ ತೀರ್ಥೋದ್ಭವ ಇರುತ್ತೆ, ಜನಜಾತ್ರೆ, ರೂಮ್ ಸಿಗಲ್ಲ, ಅದನ್ನ ನೋಡೋಕೇ ಅಂತ ಹೋಗೋದಾದ್ರೆ ಸರಿ.

ಬಸ್ಸಲ್ಲಿ ಮಡಿಕೇರಿಗೆ ಸೈಕಲ್ ತಗೊಂಡು ಹೋಗಿ, ಕಂಡಕ್ಟರ್ ಹತ್ರ ಮೊದ್ಲೇ ಮಾತಾಡಿ, ಮುಂದಿನ ಚಕ್ರ ಬಿಚ್ಚಿ, ಗೇರ್ ಇರೋ ಸೈಡ್ ಮೇಲೆ ಬರೋ ಥರ ಮಲಗಿಸಿ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಕಡಿದಾದ ಏರು, ಲಗೇಜ್ ಭಾಗಮಂಡಲದಲ್ಲೇ ಬಿಟ್ಟು ಖಾಲಿ ಸೈಕಲ್ಲಲ್ಲಿ ಹತ್ತಿ ಬನ್ನಿ. ತಲಕಾವೇರಿ 1,276 ಮೀಟರ್ ಎತ್ತರ, ಕುಶಾಲನಗರ ಸುಮಾರು 830, ಅಂದ್ರೆ ಹೊಳೆ ಜೊತೆ ಇಳೀತಾ ಹೋಗೋದಷ್ಟೇ ಅಂತ ಅನ್ಸುತ್ತೆ ಅಲ್ವಾ, ಆದ್ರೆ ಆ ಇಳಿತದ ಬಹುಪಾಲು ಈ 8 ಕಿಲೋಮೀಟರಲ್ಲೇ ಖರ್ಚಾಗಿಬಿಡುತ್ತೆ. ಆಮೇಲೆ ನಾಪೋಕ್ಲು ಮೂರ್ನಾಡು ಕಡೆ ಬರೀ ಏರು ಇಳಿವು ಏರು ಇಳಿವು, ದಿನಕ್ಕೆ 45-50 ಸಾಕು.

ಕೊಡಗಲ್ಲಿ ಸೇತುವೆ ಲೆಕ್ಕ ಹೀಗೆ: ಮೂರ್ನಾಡಿಂದ ಇಳಿದು ಬೇತ್ರಿ ಸೇತುವೆಲಿ ದಾಟಿ ಅಮ್ಮತ್ತಿ, ಸಿದ್ದಾಪುರ, ಅಲ್ಲಿಂದ ನೆಲ್ಯಹುದಿಕೇರಿ ಸೇತುವೆಲಿ ವಾಪಸ್ ಎಡದಂಡೆಗೆ (ಹೊಳೆ ಹರಿಯೋ ಕಡೆ ಮುಖ ಮಾಡಿದ್ರೆ ಎಡಗಡೆ ಬರೋ ದಡ), ಆಮೇಲೆ ದುಬಾರೆ ಪಕ್ಕದಲ್ಲೇ ಗುಡ್ಡೆಹೊಸೂರು, ಕುಶಾಲನಗರ. ಈ ಸಿದ್ದಾಪುರ-ದುಬಾರೆ ಕಾಫಿ ತೋಟದ ಸೀಮೇಲಿ ಕಾಡಾನೆ ಓಡಾಡುತ್ವೆ, ಕಥೆ ಅಲ್ಲ ಇದು. ಬೆಳಗ್ಗೆ ಬೇಗ ಹೊರಟ್ರೆ ತಂಪಾಗಿರುತ್ತೆ ಅನ್ನೋ ಲೆಕ್ಕಾಚಾರ ಇಲ್ಲಿ ಇಟ್ಕೋಬೇಡಿ, ಬಿಸಿಲು ಬಿದ್ಮೇಲೆ ಹೊರಡಿ, ಸಂಜೆ ಐದಕ್ಕೆಲ್ಲ ರೂಮ್ ಸೇರ್ಕೊಳ್ಳಿ, ಮುಂದೆ ಆನೆ ಇದೆಯಾ ಅಂತ ಎದುರು ಬರೋ ಜೀಪಿನವರನ್ನ ಕೇಳೋಕೆ ನಾಚಿಕೆ ಬೇಡ.

ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ, ಶಿರಂಗಾಲ, ಕೊಣನೂರು, ರಾಮನಾಥಪುರ ಎಲ್ಲಾ ಎಡದಂಡೆಲೇ, ತಲೆನೋವಿಲ್ಲ. ಅಲ್ಲಿಂದ ಸಾಲಿಗ್ರಾಮ, ಚುಂಚನಕಟ್ಟೆ, ಕೆ.ಆರ್.ನಗರ. ರಾತ್ರಿ ಉಳಿಯೋಕೆ ಕೆ.ಆರ್.ನಗರ ವಾಸಿ, ಲಾಡ್ಜ್ ಇದಾವೆ.

ಡಿಸೆಂಬರ್ ಜನವರಿಲಿ ಹೋದ್ರೆ ಇಲ್ಲಿಂದ ಕೆಳಗೆ ಒಂದು ವಿಷ್ಯ ಯಾರೂ ಹೇಳಲ್ಲ, ಒಕ್ಕಣೆ. ರಾಗಿ ಹುಲ್ಲು ಹುರುಳಿ ಎಲ್ಲಾ ರಸ್ತೆ ಮೇಲೇ ಹರಡಿರ್ತಾರೆ, ಕಾರು ಬಸ್ಸು ಹತ್ತಿ ಕಾಳು ಉದುರ್ಲಿ ಅಂತ. ಹುರುಳಿ ಬಳ್ಳಿ ಮೇಲೆ ಸೈಕಲ್ ಹತ್ತಿಸಿದ್ರೆ ಅದು ಹಿಂದಿನ ಗೇರಿನ ಪುಟ್ಟ ಚಕ್ರಗಳಿಗೆ ಸುತ್ಕೊಳ್ಳುತ್ತೆ, ಚೈನು ಬಿಗಿಯಾದಂಗೆ ಅನ್ಸುತ್ತೆ, ಆಗ ಜೋರಾಗಿ ತುಳಿದ್ರೆ ಡಿರೇಲರ್ ಹ್ಯಾಂಗರ್ರೇ, ಅಂದ್ರೆ ಹಿಂದಿನ ಗೇರನ್ನ ಫ್ರೇಮಿಗೆ ಸೇರಿಸೋ ಸಣ್ಣ ಲೋಹದ ತುಂಡೇ ಮುರಿಯುತ್ತೆ. ತುಳಿಯೋದು ನಿಲ್ಸಿ, ಇಳಿದು, ಪೆಡಲನ್ನ ಕೈಯಲ್ಲಿ ಹಿಂದಕ್ಕೆ ಒಂಚೂರು ಒಂಚೂರೇ ತಿರುಗಿಸ್ತಾ ನಾರು ಎಳೆದು ತೆಗೀರಿ, ಸಣ್ಣ ಚಾಕು ಇದ್ರೆ ಇನ್ನೂ ಒಳ್ಳೇದು. ಸೈಡಲ್ಲಿ ಜಾಗ ಇದ್ರೆ ತಳ್ಕೊಂಡು ಹೋಗೋದೇ ಮೇಲು. ಹ್ಯಾಂಗರ್ ಒಂದು ಸ್ಪೇರ್ ಇಟ್ಕೊಳ್ಳಿ, ನಿಮ್ಮ ಸೈಕಲ್ ಮಾಡಲ್‌ದೇ ಆಗ್ಬೇಕು, ಹಳ್ಳಿಲಿ ಬಿಡಿ, ಮೈಸೂರಲ್ಲೂ ಸಿಗೋದು ಅದೃಷ್ಟ. ಎರಡು ಟ್ಯೂಬ್, ಪ್ಯಾಚು, ಪಂಪು, ಪ್ರೆಸ್ಟಾ ವಾಲ್ವ್ (ತೆಳ್ಳಗಿರೋ ಥರದ್ದು) ಆದ್ರೆ ಅಡಾಪ್ಟರ್, ಇಲ್ಲಾಂದ್ರೆ ಪಂಕ್ಚರ್ ಅಂಗಡಿಯವನು ವಾಲ್ವ್ ನೋಡಿ ನಿಮ್ಮ ಮುಖ ನೋಡ್ತಾನೆ. ನಾಲೆ ಏರಿ ಮೇಲೆ ಜಾಲಿಮುಳ್ಳು ಜಾಸ್ತಿ.

ಕೆ.ಆರ್.ನಗರ ದಾಟಿದ್ಮೇಲೆ ಕನ್ನಂಬಾಡಿ ಹಿನ್ನೀರು ಹರಡ್ಕೊಂಡಿರುತ್ತೆ, ಹೊಳೆ ಪಕ್ಕ ಅನ್ನೋ ಮಾತೇ ಇಲ್ಲ. ಸಾಗರಕಟ್ಟೆ, ಇಲವಾಲ ಕಡೆಯಿಂದ ಬಂದು ಕೆಆರ್‌ಎಸ್, ಆಮೇಲೆ ಶ್ರೀರಂಗಪಟ್ಟಣ. ಹೊರಡೋ ಮುಂಚೆ ಡ್ಯಾಮ್ ಲೆವೆಲ್ ನೋಡ್ಕೊಳ್ಳಿ, ಫುಲ್ 124.80 ಅಡಿ, ತುಂಬಿದ್ದು ಮೇಲೆ ಮಳೆ ಬಂದ್ರೆ ನೀರು ಬಿಡ್ತಾರೆ, ಆಗ ಕೆಳಗಿನ ಸ್ನಾನಘಟ್ಟಗಳು, ರಂಗನತಿಟ್ಟಿನ ಬೋಟು ಎಲ್ಲಾ ಬಂದ್. ಬಿಸಿಲಿಗೆ ನೀರು ನೋಡಿ ಧುಮುಕೋಣ ಅನ್ಸುತ್ತೆ, ಆದ್ರೆ ಊರವರು ಇಳಿಯದೇ ಇರೋ ಕಡೆ ನೀವೂ ಇಳೀಬೇಡಿ, ಮಡು ಎಲ್ಲಿದೆ ಅಂತ ಮೇಲಿಂದ ಗೊತ್ತಾಗಲ್ಲ, ರಂಗನತಿಟ್ಟು ಸುತ್ತಮುತ್ತ ಮೊಸಳೆ ಬೇರೆ.

ಶ್ರೀರಂಗಪಟ್ಟಣದಿಂದ ಅರಕೆರೆ, ಬನ್ನೂರು, ಸೋಮನಾಥಪುರ, ತಲಕಾಡು ಎಡದಂಡೆಲೇ ಆಗುತ್ತೆ. ಕಪಿಲೆ ಸಂಗಮ ನೋಡ್ಬೇಕು ಅಂದ್ರೆ ಮಾತ್ರ ಸೇತುವೆ ದಾಟಿ ತಿ.ನರಸೀಪುರಕ್ಕೆ ಹೋಗಿ. ಇಡೀ ಟ್ರಿಪ್ಪಲ್ಲಿ ಕಾಲಿಗೆ ಸುಖ ಅಂದ್ರೆ ಇದೇ ದಿನ, ಸಪಾಟು, ಎರಡೂ ಕಡೆ ಭತ್ತ ಕಬ್ಬು, ಆದ್ರೆ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಲೈಟೂ ಇರಲ್ಲ ರಿಫ್ಲೆಕ್ಟರೂ ಇರಲ್ಲ, ಕತ್ತಲಾದ್ಮೇಲೆ ಬೇಡ. ನಾಲೆ ಪಕ್ಕದ ರಸ್ತೆಗಳಲ್ಲಿ ಎಷ್ಟೋ ಕಡೆ ತಡೆಗೋಡೆ ಇಲ್ಲ. ಊಟ ಮಧ್ಯಾಹ್ನ ಒಂದೂವರೆ ಒಳಗೆ ಮುಗಿಸಿ, ಆಮೇಲೆ ಹೋದ್ರೆ ಮುದ್ದೆ ಖಾಲಿ, ಅನ್ನ ತಣ್ಣಗೆ.

ತಲಕಾಡಿಂದ ಬೆಳಕವಾಡಿ ಮೇಲೆ ಶಿವನಸಮುದ್ರ. ಗಗನಚುಕ್ಕಿ ಮಳವಳ್ಳಿ ಕಡೆ, ಭರಚುಕ್ಕಿ ಕೊಳ್ಳೇಗಾಲ ಕಡೆ, ಎರಡಕ್ಕೂ ಟೈಮ್ ಇಟ್ಕೊಳ್ಳಿ. 1902ರಲ್ಲಿ ಇಲ್ಲಿಂದಲೇ ಕೆಜಿಎಫ್‌ಗೆ ಕರೆಂಟ್ ಹೋಗಿದ್ದು. ಇಲ್ಲಿಗೇ ನಿಲ್ಸಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಮುಂದೆ ಕಾವೇರಿ ವನ್ಯಧಾಮ, ಹೊಳೆ ಪಕ್ಕ ಸಲೀಸಾಗಿ ಹೋಗೋ ದಾರಿ ಇಲ್ಲ, ಪರ್ಮಿಷನ್ ಇಲ್ದೆ ಕಾಡೊಳಗೆ ನುಗ್ಗೋದು ತಪ್ಪು ಕೂಡ.

ವಾಪಸ್ಸಿಗೆ ಮಳವಳ್ಳಿ, ಮದ್ದೂರು. ಅಲ್ಲಿಂದ ಬೆಂಗಳೂರಿಗೂ ತುಳ್ಕೊಂಡೇ ಹೋಗ್ತೀನಿ ಅನ್ನೋರಿಗೆ, 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಬೈಕಿಗೇ ಬಿಡಲ್ಲ, ಸೈಕಲ್ಲಿಗೂ ಇಲ್ಲ, ಸರ್ವಿಸ್ ರೋಡೇ ಗತಿ.