ನಿಂತ ರೋಡ್‌ಸ್ಟರ್ ಎಬ್ಬಿಸುವ ಕ್ರಮ: ಮೊದಲು ಸಿಲ್, ನಂತರ ಬ್ರೇಕ್, ಆಮೇಲೆ ಎಂಜಿನ್

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಹಳೆಯ ಕಾರು ಕೈಗೆ ಬಂದ ಕೂಡಲೇ ಬ್ಯಾಟರಿ ಇಟ್ಟು ಸೆಲ್ಫ್ ಹೊಡೆದು ನೋಡುವ ಆಸೆ ಆಗುತ್ತದೆ. ಆ ಒಂದು ನಿಮಿಷದಲ್ಲಿ ಪುಶ್‌ರಾಡ್ ಬಾಗಬಹುದು, ತುಕ್ಕು ಹಿಡಿದ ರಿಂಗ್ ಬೋರಿಗೆ ಗೀರು ಹಾಕಬಹುದು, ಟ್ಯಾಂಕಿನ ಕೊಳೆಯೆಲ್ಲ ಕಾರ್ಬ್ಯುರೇಟರ್ ಸೇರಬಹುದು. ಮೇಲ್ಛಾವಣಿ ಇಲ್ಲದ ಎರಡು ಸೀಟಿನ ಕಾರಿನಲ್ಲಿ ಎಂಜಿನ್ ಮೂರನೆಯ ಕೆಲಸ. ಬಾಡಿ ಗಟ್ಟಿ ಇದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂಬುದು ತೀರ್ಮಾನವಾದ ಮೇಲೆಯೇ ಅದರ ಸರದಿ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ 1798 ಸಿಸಿ ಕಾರು. ನಮ್ಮಲ್ಲಿ ವಿರಳ, ಆದರೆ ಅದರ ಎಂಜಿನ್ ಬೆಳಗಾವಿಯ ಹಳೇ ಮಿಸ್ತ್ರಿಗಳಿಗೆ ಹೊಸದಲ್ಲ. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಇದೇ ಬಿ-ಸೀರೀಸ್ ಮನೆತನದ್ದು. ಎರಡಕ್ಕೂ ಸ್ಟ್ರೋಕ್ 88.9 ಮಿ.ಮೀ.; ಬೋರ್ ಅಲ್ಲಿ 73, ಇಲ್ಲಿ 80.26 ಮಿ.ಮೀ. ಹಾಗಾಗಿ ಪಿಸ್ಟನ್ ಹೊಂದುವುದಿಲ್ಲ. ಟ್ಯಾಪೆಟ್ ಕಟ್ಟುವ, ಅಂದರೆ ವಾಲ್ವಿನ ಸಂದು ಹೊಂದಿಸುವ, ರೀತಿ ಮಾತ್ರ ಒಂದೇ. ಅಂಬಾಸಡರ್ ಬಿಚ್ಚಿದ ಕೈ ಸಿಕ್ಕರೆ ಬಿಡಬೇಡಿ. ಅಂಥವರ ಪೆಟ್ಟಿಗೆಯಲ್ಲಿ ಇಂಚಿನ ಪಾನಾಗಳೂ ಇರುತ್ತವೆ. ಈ ಕಾರಿನ ನಟ್ಟುಗಳು ಹೆಚ್ಚಾಗಿ 7/16, 1/2, 9/16 ಇಂಚಿನವು. 1/2 ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ 0.3 ಮಿ.ಮೀ. ಸಡಿಲ, ತುಕ್ಕು ಹಿಡಿದ ನಟ್ಟಿನ ಮೂಲೆ ಉರುಟಾಗಲು ಅಷ್ಟು ಸಾಕು.

ಸಿಲ್ ನೋಡುವುದು

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಮೇಲೆ ಛಾವಣಿಯೂ ಇಲ್ಲದ್ದರಿಂದ ಮುಂದಿನ ಅರ್ಧ ಮತ್ತು ಹಿಂದಿನ ಅರ್ಧವನ್ನು ಹಿಡಿದಿರುವುದು ಬಾಗಿಲ ಕೆಳಗಿನ ಎರಡು ಸಿಲ್ಲುಗಳೇ. ಹೊರಗೆ ಕಾಣುವ ತಗಡಿನ ಒಳಗೆ ಇನ್ನೂ ಎರಡು ತಗಡುಗಳಿದ್ದು, ಮೂರೂ ಸೇರಿ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಮುಂದಿನ ಮಡ್‌ಗಾರ್ಡ್ ಒಳಗೆ ಚಕ್ರ ಎರಚಿದ ಮಣ್ಣು ಕೂತು, ನೀರು ಹಿಡಿದು, ಅಲ್ಲಿಂದ ಸಿಲ್ಲಿನೊಳಗೆ ಇಳಿಯುತ್ತದೆ. ಕೊಳೆಯುವುದು ಒಳಗಿನಿಂದ ಹೊರಗೆ. ಹೊರಗೆ ಗುಳ್ಳೆ ಕಂಡಾಗ ಒಳಗಿನ ತಗಡು ಬಹುತೇಕ ಹೋಗಿರುತ್ತದೆ. ಖಾನಾಪುರ ಕಡೆಯ ಮಳೆಯಲ್ಲಿ ಇದ್ದ ಕಾರಿನಲ್ಲಿ ಇದನ್ನೇ ಮೊದಲು ಅನುಮಾನಿಸಿ. ವಿಜಯಪುರದ ಒಣ ಬಿಸಿಲಿನಲ್ಲಿ ನಿಂತ ಕಾರಿನ ತಗಡು ಚೆನ್ನಾಗಿ ಉಳಿದಿದ್ದು ರಬ್ಬರು, ಸೀಟು, ಹುಡ್ ಬಟ್ಟೆ ಪುಡಿಯಾಗಿರುವ ಸಾಧ್ಯತೆ ಹೆಚ್ಚು. ಅಂಥದ್ದೇ ಲಾಭದ ಕಾರು. ಆದರೆ ಎರೆ ಮಣ್ಣಿನ ನೆಲದ ಶೆಡ್ಡಾಗಿದ್ದರೆ ಅಡಿಭಾಗವನ್ನು ಎಲ್ಲಿಯೂ ನಂಬಬೇಡಿ. ಆ ಮಣ್ಣು ತೇವ ಬಿಡುವುದಿಲ್ಲ.

ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಸಿಲ್ ಉದ್ದಕ್ಕೂ ಸರಿಸಿ. ಹಿಡಿತ ಬಿಟ್ಟ ಕಡೆ ಒಳಗೆ ಪುಟ್ಟಿ ಇದೆ. ನಂತರ ಬಾಗಿಲು ಮುಚ್ಚಿ ಅದರ ಹಿಂಭಾಗದ ಸಂದು ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಕಾರು ನಡುವೆ ಕುಸಿದಿದೆ ಎಂದೇ ಅರ್ಥ.

ಸಿಲ್ ಕತ್ತರಿಸುವ ಮುನ್ನ ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಕಾರಿನಿಂದ ಹೊರಗೆ ಬರಲೇಬೇಕು. ಕಾರನ್ನು ಮಟ್ಟಸವಾದ ನೆಲದಲ್ಲಿ, ಸಸ್ಪೆನ್ಷನ್ ಭಾರ ಹೊರುವ ಜಾಗಗಳಲ್ಲಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬಾಗಿಲ ಚೌಕಟ್ಟಿಗೆ 25 ಮಿ.ಮೀ. ಚೌಕ ಪೈಪನ್ನು ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅಡ್ಡ ಟ್ಯಾಕ್ ಮಾಡಿ (ಚುಕ್ಕಿ ವೆಲ್ಡ್ ಹಾಕಿ), ಎರಡೂ ಕಡೆಯ ಅಳತೆ ಬರೆದಿಡಿ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬೇಡಿ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಅಲೆಅಲೆಯಾಗುತ್ತದೆ. ಸಿಒಟು ವೆಲ್ಡಿಂಗಿನಲ್ಲಿ 0.6 ಅಥವಾ 0.8 ಮಿ.ಮೀ. ತಂತಿ ಹಾಕಿಸಿ, ಸುಮಾರು 25 ಮಿ.ಮೀ. ಅಂತರದಲ್ಲಿ ಟ್ಯಾಕ್ ಇಟ್ಟು, ಒಂದೇ ಕಡೆ ಓಡದೆ ಜಾಗ ಬದಲಿಸುತ್ತಾ ತುಂಬಿಸಬೇಕು. ಪ್ರತಿ ಹಂತದಲ್ಲೂ ಬಾಗಿಲು ಹಾಕಿ ಸಂದು ನೋಡಿ. ಹಳೇ ಸಿಲ್ಲಿನ ಮೇಲೆ ಹೊಸ ತಗಡು ಹೊದಿಸುವ ಕೆಲಸಕ್ಕೆ ಯಾರೇ ಒಪ್ಪಿಸಿದರೂ ಒಪ್ಪಬೇಡಿ. ಒಳಗಿನ ಕೊಳೆತ ಹಾಗೇ ಉಳಿದು, ಕಾರು ನೋಡಲು ನೆಟ್ಟಗಿದ್ದೂ ಗುಂಡಿಯಲ್ಲಿ ಮಡಚುತ್ತದೆ. ಮುಗಿದ ಮೇಲೆ ಸಿಲ್ಲಿನ ತಳದ ನೀರಿಳಿಯುವ ತೂತುಗಳನ್ನು ತೆರೆದಿಟ್ಟು, ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಸ್ಪ್ರೇ ಮಾಡಿಸಿ.

ಬ್ರೇಕ್: ಅರ್ಧ ಕೆಲಸ ಬೇಡ

ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತಲ್ಲಿ ಆ ನೀರು ಸಿಲಿಂಡರಿನ ತಳದಲ್ಲಿ ಕೂತು ಬೋರಿನಲ್ಲಿ ಗುಳಿ ಕೊರೆಯುತ್ತದೆ. ಗುಳಿ ಬಿದ್ದ ಮಾಸ್ಟರ್ ಸಿಲಿಂಡರಿಗೆ ಹೊಸ ರಬ್ಬರ್ ಕಿಟ್ ಹಾಕಿದರೆ ಕೆಲವು ದಿನ ಹಿಡಿದು ಮತ್ತೆ ಸೋರುತ್ತದೆ. ಉಗುರಿಗೆ ತಾಕುವ ಗುಳಿ ಇದ್ದರೆ ಹೊಸ ಸಿಲಿಂಡರ್ ತರಿಸಿ, ಅಥವಾ ಬೋರ್ ಮಾಡಿಸಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸಿ. ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದ ಬೆಳಗಾವಿಯಲ್ಲಿ, ಉದ್ಯಮಬಾಗದ ಮಷಿನ್ ಶಾಪುಗಳ ನಡುವೆ, ಇಷ್ಟು ನಿಖರವಾಗಿ ಹೋನಿಂಗ್ ಮಾಡುವವರನ್ನು ಹುಡುಕುವುದು ಕಷ್ಟವಲ್ಲ.

ಮೂರೂ ರಬ್ಬರ್ ಹೋಸುಗಳನ್ನು, ಮುಂದೆ ಎರಡು ಹಿಂದೆ ಒಂದು, ಚೆನ್ನಾಗಿ ಕಂಡರೂ ಬದಲಿಸಿ. ಹಳೇ ಹೋಸ್ ಒಳಗೆ ಊದಿಕೊಂಡು, ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ. ಬ್ರೇಕ್ ಹಿಡಿದೇ ಇದ್ದು ಡಿಸ್ಕ್ ಕಾಯುತ್ತದೆ. ಇದನ್ನು ಕ್ಯಾಲಿಪರ್ ದೋಷವೆಂದು ಬಗೆದು ಕ್ಯಾಲಿಪರ್ ಬದಲಿಸಿದವರು ಬಹಳ. ಕ್ಯಾಲಿಪರಿನ ಎರಡು ಹೋಳುಗಳನ್ನು ಬೇರ್ಪಡಿಸುವ ಅಗತ್ಯವಿಲ್ಲ. ನಡುವೆ ಮರದ ತುಂಡು ಇಟ್ಟು ಕಡಿಮೆ ಗಾಳಿ ಒತ್ತಡದಿಂದ ಪಿಸ್ಟನ್ ಹೊರತೆಗೆಯಿರಿ, ಬೆರಳು ದೂರ ಇರಲಿ. ಕ್ರೋಮ್ ಕಿತ್ತ ಪಿಸ್ಟನ್ ಮತ್ತೆ ಹಾಕಬೇಡಿ. ಹಳೇ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಕಂಪ್ರೆಸರಿನಿಂದ ಊದದೆ ಒದ್ದೆ ಮಾಡಿ ಒರೆಸಿ.

ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ಮುನ್ನ ಹಿಂದಿನ ಡ್ರಮ್ಮಿನ ಚೌಕ ಅಡ್ಜಸ್ಟರನ್ನು ಚಕ್ರ ಹಿಡಿಯುವವರೆಗೆ ಬಿಗಿಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದೆ ಬಿಡಿ. ಶೂ ದೂರ ಇದ್ದರೆ ಎಷ್ಟು ಗಾಳಿ ತೆಗೆದರೂ ಪೆಡಲ್ ಆಳಕ್ಕೆ ಹೋಗುತ್ತದೆ. ಬಲಗಡೆ ಸ್ಟೀರಿಂಗಿನ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿನಿಂದ ದೂರದ ಹಿಂದಿನ ಎಡ ಚಕ್ರದಿಂದ ಆರಂಭಿಸಿ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಡಾಟ್ 4 ಆಯಿಲ್ ಹೊಸ ಡಬ್ಬಿಯದ್ದೇ ಇರಲಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ; ಒರೆಸುತ್ತಾ ಕೂತರೆ ಬಣ್ಣ ಏಳುತ್ತದೆ. ಕ್ಲಚ್ಚಿಗೂ ಇದೇ ಆಯಿಲ್, ಇದೇ ರೋಗ.

ತಂತಿ ಚಕ್ರದ ಕಾರಾದರೆ ನಡುವಿನ ದೊಡ್ಡ ನಟ್ಟಿನ ಆಟೆ (ಥ್ರೆಡ್) ಗಮನಿಸಿ. ಎಡಗಡೆಯದ್ದು ಬಲ ಆಟೆ, ಬಲಗಡೆಯದ್ದು ಎಡ ಆಟೆ. ಬಿಚ್ಚಿಟ್ಟ ಹಬ್ಬುಗಳು ಅದಲು ಬದಲಾದರೆ ಓಡುತ್ತಾ ಓಡುತ್ತಾ ನಟ್ ತಾನೇ ಸಡಿಲಾಗಿ ಚಕ್ರ ಕಳಚುತ್ತದೆ. ಬಿಚ್ಚುವಾಗಲೇ ಬಣ್ಣದಿಂದ ಗುರುತು ಹಾಕಿ.

ಟ್ಯಾಂಕು ಮತ್ತು ಎಥೆನಾಲ್

ಟ್ಯಾಂಕಿನ ಮೇಲ್ಭಾಗಕ್ಕೂ ಡಿಕ್ಕಿಯ ತಳಕ್ಕೂ ನಡುವೆ ಮಣ್ಣು ಸೇರಿ, ಕಣ್ಣಿಗೆ ಕಾಣದ ಆ ಮೇಲ್ಭಾಗವೇ ಮೊದಲು ತೂತಾಗುತ್ತದೆ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಹಚ್ಚಬೇಡಿ. ಒಳಗಿನ ಆವಿ ಸಾಕು ಸಿಡಿಯಲು.

ಬೆಳಗಾವಿ, ವಿಜಯಪುರ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುವ ಎಥೆನಾಲ್ ಇಂದು ಪೆಟ್ರೋಲಿನಲ್ಲಿ ಶೇ 20ರವರೆಗೆ ಸೇರುತ್ತದೆ. 1960ರ ದಶಕದ ರಬ್ಬರು ಅದಕ್ಕೆ ತಯಾರಾದದ್ದಲ್ಲ. ಮೆತ್ತಗಾಗಿ, ಬಿರಿದು, ಬಿಸಿ ಎಗ್ಸಾಸ್ಟಿನ ಮೇಲೆ ಸೋರುತ್ತದೆ. ‘ಜೆ30 ಆರ್9’ ಗುರುತಿನ ಹೋಸ್ ಹಾಕಿ, ಫ್ಲೋಟ್ ಸೂಜಿ ಮತ್ತು ಸೀಲುಗಳನ್ನೂ ಬದಲಿಸಿ. ಎಥೆನಾಲ್ ಹಳೇ ಅಂಟು ಕೊಳೆಯನ್ನು ಕರಗಿಸಿ ತರುವುದರಿಂದ ಮೊದಲ ಎರಡು ಮೂರು ಟ್ಯಾಂಕಿನಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಹಿಂದೆ ಇರುವ ಎಲೆಕ್ಟ್ರಿಕ್ ಪಂಪ್ ಕೀಲಿ ಹಾಕಿದಾಗ ಟಕಟಕ ಎಂದು ನಿಧಾನವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಗಾಳಿ ಎಳೆಯುತ್ತಿದೆ ಅಥವಾ ಫ್ಲೋಟ್ ಚೇಂಬರ್ ಉಕ್ಕುತ್ತಿದೆ. ಸದ್ದೇ ಇಲ್ಲ, ಮೆಲ್ಲಗೆ ತಟ್ಟಿದರೆ ಓಡುತ್ತದೆ ಎಂದಾದರೆ ಒಳಗಿನ ಪಾಯಿಂಟ್ ಸುಟ್ಟಿದೆ.

ಎಂಜಿನ್

ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಬೋರಿಗೆ 20 ಮಿ.ಲೀ.ಯಷ್ಟು ಗೇರ್ ಆಯಿಲ್ ಮತ್ತು ಡೀಸೆಲ್ ಮಿಶ್ರಣ ಹಾಕಿ ಎರಡು ದಿನ ಬಿಡಿ. ರಾಕರ್ ಕವರ್ ತೆಗೆದು ವಾಲ್ವುಗಳ ಮೇಲೆ ಎಣ್ಣೆ ಸುರಿಯಿರಿ. ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಸುಮಾರು 4.25 ಲೀಟರ್ 20ಡಬ್ಲ್ಯು-50 ತುಂಬಿ. ಈಗ ನಾಲ್ಕನೇ ಗೇರ್ ಹಾಕಿ ಕಾರನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿ. ಎಂಜಿನ್ ತಿರುಗಿದರೆ ಎಂಟೂ ವಾಲ್ವುಗಳು ಇಳಿದು ಏಳುತ್ತಿವೆಯೇ ಕಣ್ಣಾರೆ ನೋಡಿ. ಒಂದು ಕೂಡ ಗೈಡಿನಲ್ಲಿ ಅಂಟಿದ್ದರೆ ಅಲ್ಲಿಗೆ ನಿಲ್ಲಿಸಿ. ಮುಂದೆ ತಿರುಗಿಸಿದರೆ ಪುಶ್‌ರಾಡ್ ಬಾಗುತ್ತದೆ. ಎಲ್ಲ ಸರಿ ಇದ್ದರೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ತಿರುಗಿಸಿ. ಬಿಸಿಯಾದ ಮೇಲೆ ಓಟದಲ್ಲಿ 50ರಿಂದ 80 ಪಿಎಸ್‌ಐ ಇರಬೇಕು.

ಟ್ಯಾಪೆಟ್ ಸಂದು 15 ಥೌ (ಇಂಚಿನ ಸಾವಿರದ 15 ಭಾಗ), ಅಂದರೆ 0.38 ಮಿ.ಮೀ. ಕಟ್ಟುವ ಲೆಕ್ಕ ಒಂಬತ್ತರದು: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಕೂಡಿಸಿದರೆ ಯಾವಾಗಲೂ 9. ಡೆಲ್ಕೊ (ಡಿಸ್ಟ್ರಿಬ್ಯೂಟರ್) ಪಾಯಿಂಟ್ 0.35–0.40 ಮಿ.ಮೀ., ಪ್ಲಗ್ 0.63 ಮಿ.ಮೀ., ಫೈರಿಂಗ್ ಆರ್ಡರ್ 1-3-4-2. ಕಂಪ್ರೆಷನ್ ಪರೀಕ್ಷೆಯಲ್ಲಿ ಒಂದು ಸಿಲಿಂಡರ್ ಕಡಿಮೆ ತೋರಿದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಸೀಸದ ರಕ್ಷಣೆ ಇಲ್ಲದ ಎಗ್ಸಾಸ್ಟ್ ಸೀಟು ಸವೆದು ವಾಲ್ವ್ ಒಳಗಿಳಿಯುತ್ತದೆ. ಎಗ್ಸಾಸ್ಟ್ ಟ್ಯಾಪೆಟ್ ಸಂದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಕಾರಣ ಅದೇ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿಬಿಡಿ. ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ 45–50 ಪೌಂಡ್-ಅಡಿಗೆ ಬಿಗಿಮಾಡಿ.

ಜೋಡಿ ಎಸ್‌ಯು ಕಾರ್ಬ್ಯುರೇಟರಿಗೆ ಭಯಪಡಬೇಕಿಲ್ಲ. ಇಷ್ಟು ಸರಳ ಕಾರ್ಬ್ಯುರೇಟರ್ ಮತ್ತೊಂದಿಲ್ಲ. ಸವೆದ ಥ್ರಾಟಲ್ ಸ್ಪಿಂಡಲಿನಿಂದ ಗಾಳಿ ಎಳೆಯುತ್ತಿದ್ದರೆ ಮಾತ್ರ ಯಾವ ಟ್ಯೂನಿಂಗೂ ನಿಲ್ಲದು; ಮೊದಲು ಬುಶ್ ಹಾಕಿಸಿ. ಜೆಟ್ ನಟ್ಟನ್ನು ಪೂರ್ತಿ ಮೇಲೇರಿಸಿ 12 ಫ್ಲ್ಯಾಟ್, ಅಂದರೆ ಎರಡು ಸುತ್ತು, ಇಳಿಸಿ. ಕಾರ್ಬ್ಯುರೇಟರಿನ ಮೇಲಿನ ಡ್ಯಾಶ್‌ಪಾಟಿಗೆ 20ರ ಎಂಜಿನ್ ಆಯಿಲ್ ಹಾಕಿ. ಎರಡೂ ಬಾಯಿಗೆ ರಬ್ಬರ್ ನಳಿಗೆ ಹಿಡಿದು ಕಿವಿಗಿಟ್ಟು, ಗಾಳಿಯ ಸದ್ದು ಸಮ ಬರುವಂತೆ ಥ್ರಾಟಲ್ ಹೊಂದಿಸಿ. ಬಳಿಕ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿ: ಎಂಜಿನ್ ವೇಗ ಏರಿ ಹಾಗೇ ನಿಂತರೆ ಮಿಶ್ರಣ ದಟ್ಟ, ಬಿದ್ದು ಆರಿದರೆ ತೆಳು, ಕ್ಷಣ ಏರಿ ಮೊದಲಿನಂತಾದರೆ ಸರಿ. ಎಥೆನಾಲ್ ಪೆಟ್ರೋಲಿಗೆ ಒಂದೆರಡು ಫ್ಲ್ಯಾಟ್ ಹೆಚ್ಚು ಇಳಿಸಬೇಕಾಗಬಹುದು.

ವೈರಿಂಗ್, ಬಣ್ಣ, ಕಾಗದಪತ್ರ

1967ರವರೆಗಿನ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಇದನ್ನು ನೋಡದೆ ಆಲ್ಟರ್ನೇಟರನ್ನೋ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೋ ಜೋಡಿಸಿದರೆ ಸುಟ್ಟಂತೆಯೇ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಕಿತ್ತಿದ್ದರೆ ಸೆಲ್ಫಿನ ಕರೆಂಟು ಚೋಕ್ ಮತ್ತು ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅವು ಕೆಂಪಗೆ ಕಾಯುತ್ತವೆ. ಹಳೇ ಬ್ರಿಟಿಷ್ 35 ಆಂಪಿಯರ್ ಫ್ಯೂಸ್ ಸತತವಾಗಿ ತಾಳುವುದು 17 ಆಂಪಿಯರ್ ಮಾತ್ರ. ಆ ಜಾಗಕ್ಕೆ ಇಂದಿನ 35ರ ಫ್ಯೂಸ್ ಹಾಕಿದರೆ ಮೊದಲು ಉರಿಯುವುದು ವೈರು. ಹೆಡ್‌ಲೈಟಿಗೆ ಮೂಲದಲ್ಲಿ ಫ್ಯೂಸೇ ಇಲ್ಲ, ಸೇರಿಸಿ.

ಬಣ್ಣ ಎಲ್ಲಕ್ಕಿಂತ ಕೊನೆಗೆ.

2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ; ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿದ ಕಾರಿಗೆ ಈ ದಾರಿ ಮುಚ್ಚುತ್ತದೆ. ಡೀಸೆಲ್ ಎಂಜಿನ್ ಕೂರಿಸಿ ಸುಲಭ ಮಾಡಿಕೊಡುತ್ತೇವೆ ಎನ್ನುವವರಿಗೆ ಇಲ್ಲ ಎನ್ನಲು ಇದೊಂದೇ ಕಾರಣ ಸಾಕು.

ಮೊದಲ ಓಟಕ್ಕೆ ಚೋರ್ಲಾ ಘಾಟ್ ಬೇಡ. ಬೆಳಗಿನ ತಂಪಿನಲ್ಲಿ ಮಟ್ಟಸ ರಸ್ತೆಯ ಹತ್ತು ಕಿಲೋಮೀಟರ್ ಸಾಕು. ವಾಪಸ್ ಬಂದ ಕೂಡಲೇ ನಾಲ್ಕೂ ಹಬ್ಬುಗಳ ಹತ್ತಿರ ಕೈ ಹಿಡಿದು ಶಾಖ ನೋಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಹೆಡ್ ಬಿಚ್ಚಿದ್ದರೆ ಅದರ ನಟ್ಟು, ಟ್ಯಾಪೆಟ್ ಸಂದು, ತಂತಿ ಚಕ್ರದ ಸ್ಪೋಕುಗಳನ್ನು ಮತ್ತೊಮ್ಮೆ ನೋಡಿ.