ಸ್ಪೇನಿನ ಬಿಸಿಲಿಗೆ ಹೋಗುವ ದಾರಿಯಲ್ಲಿ ನೀರು ಹೆಪ್ಪುಗಟ್ಟದಿರಲು

ಕಳೆದ ಜನವರಿಯಲ್ಲಿ ಇಂಗ್ಲೆಂಡಿನ ನಮ್ಮ ಸ್ನೇಹಿತ ದಂಪತಿ ಮೋಟರ್‌ಹೋಮ್ (ಒಳಗೇ ಮಂಚ, ಒಲೆ, ನೀರಿನ ಟ್ಯಾಂಕ್ ಇರುವ ಮನೆಗಾಡಿ) ಏರಿ ದಕ್ಷಿಣ ಸ್ಪೇನಿಗೆ ಹೊರಟರು. ಗಾಡಿಯಲ್ಲಿ ಮಡಚುವ ಕುರ್ಚಿಗಳಿದ್ದವು, ಈಜುಡುಗೆ ಇತ್ತು, ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮೂ ಇತ್ತು. ಐದನೆಯ ರಾತ್ರಿ ಉತ್ತರ ಸ್ಪೇನಿನ ಬುರ್ಗೋಸ್‌ನಿಂದ ಫೋನ್ ಬಂತು. ‘ಸಿಲಿಂಡರ್ ಅಲ್ಲಾಡಿಸಿದರೆ ಕುಲುಕುತ್ತದೆ, ಒಲೆ ಮಾತ್ರ ಹತ್ತುತ್ತಿಲ್ಲ. ನಲ್ಲಿಯಲ್ಲಿ ಹನಿ ನೀರಿಲ್ಲ. ಏನು ಮಾಡುವುದಣ್ಣಾ?’ ಆ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಹೋಟೆಲ್ ಹುಡುಕಿ ಎಂದೆ.

ಬುರ್ಗೋಸ್ ಸುಮಾರು 860 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟು. ಆದರೆ ಜನವರಿಯ ರಾತ್ರಿ ಅಲ್ಲಿ ಪಾದರಸ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು. ಸ್ಪೇನಿನ ಗಡಿ ದಾಟಿದ ಮೇಲೆ ಚಳಿ ಇನ್ನಷ್ಟು ಏರುತ್ತದೆ ಎಂಬುದನ್ನು ಹೊರಡುವ ಮುನ್ನ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂತ 1: ಕಾಗದಪತ್ರ ಮತ್ತು ತೂಕ

ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸ್ಪೇನಿನ ಬಳಿ ಅರ್ಜಿ ಹಾಕಬೇಕು. ಮೊದಲು ಕಾಲಿಡುವುದು ಫ್ರಾನ್ಸಿನಲ್ಲಾದರೂ ಹೆಚ್ಚು ದಿನ ಉಳಿಯುವ ದೇಶವೇ ಲೆಕ್ಕಕ್ಕೆ ಬರುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್‌ಗೆ ವೀಸಾ ಬೇಡ. ಆದರೆ 180 ದಿನಗಳಲ್ಲಿ 90 ದಿನ ಎಂಬ ಮಿತಿ ಇಬ್ಬರಿಗೂ ಒಂದೇ. ಡಿಸೆಂಬರ್ 15ಕ್ಕೆ ಒಳಗೆ ಹೋಗಿ ಮಾರ್ಚ್ 15ಕ್ಕೆ ಹೊರಗೆ ಬಂದರೆ ಮೂರು ತಿಂಗಳು ತಾನೇ ಎನ್ನುವವರು ಬೆರಳು ಮಡಚಿ ಎಣಿಸಲಿ. ಹೋದ ದಿನ, ಬಂದ ದಿನ ಎರಡೂ ಸೇರಿ 91 ಆಗುತ್ತದೆ.

ಸಾಮಾನು ತುಂಬಿದ ಮೇಲೆ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ (ಗಾಡಿ ತೂಗುವ ಕಟ್ಟೆ) ಮೇಲೆ ನಿಲ್ಲಿಸಿ. 1997ರಿಂದೀಚೆಗೆ ಬ್ರಿಟನ್ನಿನಲ್ಲಿ ಕಾರಿನ ಲೈಸೆನ್ಸ್ ಪಡೆದವರು ಓಡಿಸಬಹುದಾದ ಡೀಸೆಲ್ ಗಾಡಿಯ ಮಿತಿ 3,500 ಕಿಲೋ. ಅಕ್ಕಿ ಮೂಟೆ, ಎರಡು ಕುಕ್ಕರ್, ಗ್ರೈಂಡರ್ ಎಂದು ಹೇರುತ್ತಾ ಹೋದರೆ ಆ ಗಡಿ ಬೇಗ ದಾಟುತ್ತದೆ. ಗ್ರೈಂಡರ್ ಮನೆಯಲ್ಲೇ ಇರಲಿ.

ತುಪ್ಪ, ಮೊಸರು ಕೂಡ ಮನೆಯಲ್ಲೇ ಇರಲಿ. 2021ರಿಂದ ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಕರಿಬೇವಿನ ಸೊಪ್ಪಿಗೂ ಪ್ರವೇಶವಿಲ್ಲ. ತೆಂಗಿನಕಾಯಿಗೆ ಮಾತ್ರ ತಕರಾರಿಲ್ಲ. ಒಗ್ಗರಣೆ ಇಲ್ಲದ ಚಟ್ನಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಹಂತ 2: ದಾರಿ

ಇಂಗ್ಲೆಂಡಿನಿಂದ ಕಡಲು ದಾಟಿ ಇಳಿಯುವ ಫ್ರಾನ್ಸಿನ ಕ್ಯಾಲೆಯಿಂದ ಎರಡು ದಾರಿ. ನನ್ನದು ಪಶ್ಚಿಮದ್ದು: ರೂಅನ್, ಲೆ ಮಾನ್, ಟೂರ್, ಪ್ವಾತಿಯೇ, ಅಲ್ಲಿಂದ ಟೋಲ್ ಇಲ್ಲದ ಎನ್10 ಹೆದ್ದಾರಿ ಹಿಡಿದು ಬೋರ್ಡೋ, ಮುಂದೆ ಬಯೋನ್, ಇರೂನ್. ಸ್ಪೇನಿನಲ್ಲಿ ವಿಟೋರಿಯಾ, ಬುರ್ಗೋಸ್, ಸಲಮಾಂಕಾ, ಕಾಸೆರೆಸ್, ಮೇರಿದಾ ಮಾರ್ಗವಾಗಿ ಸೆವಿಯಾ. ಸಲಮಾಂಕಾದಿಂದ ಕೆಳಗಿನ ಎ-66ಕ್ಕೂ ಟೋಲ್ ಇಲ್ಲ. ಒಟ್ಟು ಸುಮಾರು 2,000 ಕಿಲೋಮೀಟರ್. ದಿನಕ್ಕೆ 300ಕ್ಕಿಂತ ಹೆಚ್ಚು ಓಡಿಸಬೇಡಿ. ಡಿಸೆಂಬರ್ ಕೊನೆಯಲ್ಲಿ ಉತ್ತರ ಫ್ರಾನ್ಸಿನಲ್ಲಿ ಸಂಜೆ ಐದಕ್ಕೇ ಕತ್ತಲು.

ಎರಡನೆಯದು ಫ್ರಾನ್ಸಿನ ನಡುವಿನದು: ಜಿಪಿಎಸ್ ಕೆಲವರನ್ನು ಕ್ಲೆರ್ಮೋ-ಫೆರಾದಿಂದ ಎ75 ಹೆದ್ದಾರಿಗೆ ತಿರುಗಿಸುತ್ತದೆ. ಮಿಯೋ ಸೇತುವೆ ಬಿಟ್ಟರೆ ಪೂರ್ತಿ ಉಚಿತ, ನೋಟವೂ ಚೆಂದ. ಆದರೆ ಆ ರಸ್ತೆ 1,100 ಮೀಟರ್ ದಾಟಿ ಏರುತ್ತದೆ, ಹಿಮ ಬಿದ್ದರೆ ಸಿಕ್ಕಿಕೊಂಡಂತೆಯೇ. ಆ ಭಾಗದ ಗುಡ್ಡಗಾಡು ಜಿಲ್ಲೆಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹಿಮದ ಟೈರ್ ಅಥವಾ ಚೈನ್ ಕಡ್ಡಾಯ. ಚೈನ್ ಕೊಂಡವರು ಮನೆಯಂಗಳದಲ್ಲಿ ಒಮ್ಮೆ ತೊಡಿಸಿ ನೋಡಿ. ಮೊದಲ ಪಾಠ ಹಿಮದ ನಡುವೆ ಬೇಡ.

ನಿರ್ಧಾರ ಮಾಡಬೇಕಾದ ಜಾಗ ಬೋರ್ಡೋ. ಬುರ್ಗೋಸ್, ಸಲಮಾಂಕಾಗಳ ಹವಾಮಾನ ನೋಡಿ. ಸತತ ಮೂರು ರಾತ್ರಿ ಮೈನಸ್ 8 ಎಂದಿದ್ದರೆ ಎಡಕ್ಕೆ ತಿರುಗಿ ಟುಲೂಸ್, ನಾರ್ಬೋನ್ ಮೂಲಕ ಮೆಡಿಟರೇನಿಯನ್ ದಂಡೆ ಸೇರಿಕೊಳ್ಳಿ. ದಾರಿಯಲ್ಲಿ ದೊಡ್ಡ ಘಟ್ಟವಿಲ್ಲ. ದಂಡೆಯುದ್ದದ ಎಪಿ-7ರಲ್ಲಿ ಕ್ಯಾಟಲೋನಿಯಾದ ಟೋಲ್ 2021ರ ಸೆಪ್ಟೆಂಬರ್‌ನಲ್ಲಿ ರದ್ದಾಗಿದೆ. ಆ ಹೆದ್ದಾರಿಯಲ್ಲಿ ಯಾರಾದರೂ ನಿಮ್ಮ ಟೈರಿನತ್ತ ಕೈ ತೋರಿಸಿ ನಿಲ್ಲಿಸಲು ಹೇಳಿದರೆ ನಿಲ್ಲಬೇಡಿ, ಅದು ಹಳೆಯ ಕಳ್ಳಾಟ.

ಇನ್ನೊಂದು ಮಾತು: ಫ್ರಾನ್ಸಿನಲ್ಲಿ ಗಾಡಿಯ ಎತ್ತರ 3 ಮೀಟರ್ ಮುಟ್ಟಿದರೆ ಟೋಲ್ ಮೇಲಿನ ದರ್ಜೆಗೆ ಏರುತ್ತದೆ. ಚಾವಣಿಯ ಟಿ.ವಿ. ಡಿಶ್ ಸೇರಿಸಿ ಟೇಪ್ ಹಿಡಿದು ಅಳೆಯಿರಿ.

ಹಂತ 3: ಗ್ಯಾಸ್ ಮತ್ತು ನೀರು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿ.

ಮೊದಲು ಗ್ಯಾಸ್. ಸಿಲಿಂಡರಿಗೆ ತುಂಬುವುದು ಎರಡು ಬಗೆ: ಬ್ಯುಟೇನ್ ಮತ್ತು ಪ್ರೊಪೇನ್. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರಿನೊಳಗೆ ದ್ರವ ಕುಲುಕುತ್ತಿದ್ದರೂ ಒಲೆಗೆ ಏನೂ ಬರುವುದಿಲ್ಲ. ನಮ್ಮ ಸ್ನೇಹಿತರಿಗೆ ಆಗಿದ್ದು ಅದೇ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ, ಹಾಗಾಗಿ ಪ್ರೊಪೇನೇ ಇರಬೇಕು. ಊರೂರಲ್ಲಿ ಸಿಗುತ್ತದೆ ಎಂದು ಪುಟ್ಟ ಬ್ಯುಟೇನ್ ಸಿಲಿಂಡರ್ ಕೊಳ್ಳುವವರಿದ್ದಾರೆ. ಬೇಸಿಗೆಯ ಚಹಾಕ್ಕೆ ಸರಿ, ಜನವರಿಗೆ ದುಡ್ಡು ದಂಡ. ಬ್ರಿಟನ್ನಿನ ಸಿಲಿಂಡರುಗಳನ್ನು ಫ್ರಾನ್ಸ್, ಸ್ಪೇನಿನಲ್ಲಿ ಬದಲಿಸಿಕೊಡುವುದಿಲ್ಲವಾದ್ದರಿಂದ ಮರುತುಂಬುವ ಸಿಲಿಂಡರ್ ಕೂರಿಸಿಕೊಂಡು ಪೆಟ್ರೋಲ್ ಬಂಕಿನಲ್ಲಿ ತುಂಬಿಸುವುದೇ ಒಳ್ಳೆಯದು. ಎರಡು ದೇಶಗಳ ಪಂಪಿನ ಮೂತಿ ಬೇರೆ ಬೇರೆ, ಅಡಾಪ್ಟರ್ ಎರಡೂ ಇರಲಿ. ಬಂಕಿನದು ಪ್ರೊಪೇನ್, ಬ್ಯುಟೇನ್ ಬೆರಕೆ; ಪ್ರಮಾಣ ದೇಶ ಮತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬೆಚ್ಚಗಿನ ದೇಶದಲ್ಲಿ ಬ್ಯುಟೇನ್ ಪಾಲು ಹೆಚ್ಚಿರಬಹುದು, ಆದ್ದರಿಂದ ಗಡಿಗೆ ಮುಂಚೆ, ಫ್ರಾನ್ಸಿನಲ್ಲೇ ತುಂಬಿಸಿಕೊಳ್ಳಿ. ರಾತ್ರಿಯಿಡೀ ಹೀಟರ್ ಉರಿದರೆ ನಮ್ಮ ಗಾಡಿಯಲ್ಲಿ 11 ಕಿಲೋ ಗ್ಯಾಸ್ ಮೂರ್ನಾಲ್ಕು ದಿನಕ್ಕೆ ಮುಗಿಯುತ್ತದೆ.

ಇನ್ನು ನೀರು. ಬಹುತೇಕ ಮೋಟರ್‌ಹೋಮ್‌ಗಳ ಬಾಯ್ಲರಿನಲ್ಲಿ ಒಂದು ಸುರಕ್ಷತಾ ಕವಾಟವಿದೆ. ಸುತ್ತಲಿನ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನೇ ತೆರೆದುಕೊಂಡು, ಬಾಯ್ಲರ್ ಒಡೆಯದಿರಲೆಂದು ನೀರನ್ನೆಲ್ಲ ಹೊರಚೆಲ್ಲುತ್ತದೆ. ಹಗಲು ಓಡಿಸುವಾಗ ಮುಂದಿನ ಸೀಟು ಬೆಚ್ಚಗಿರುತ್ತದೆ. ಹಿಂದೆ ಮಂಚದಡಿಯ ಕವಾಟ ಮಾತ್ರ ತಣ್ಣಗೆ ಕೊರೆಯುತ್ತಿರುತ್ತದೆ. ನೀರಿನ ಪಂಪ್ ಆಫ್ ಮಾಡಿರದಿದ್ದರೆ ಬಾಯ್ಲರಿನ ಹಿಂದೆಯೇ ಟ್ಯಾಂಕಿನ ನೀರೂ ಅದೇ ತೂತಿನಿಂದ ರಸ್ತೆಪಾಲು.

ಹಾಗಾಗಿ ಮನೆಯಿಂದ ಹೊರಡುವಾಗ ಬಾಯ್ಲರ್ ಖಾಲಿ, ಟ್ಯಾಂಕ್ ಖಾಲಿ, ಪಂಪ್ ಆಫ್. ಹತ್ತು ಲೀಟರಿನ ಎರಡು ಕ್ಯಾನ್ ಗಾಡಿಯ ಒಳಗಿಟ್ಟುಕೊಳ್ಳಿ. ದಾರಿಯ ರಾತ್ರಿಗಳಲ್ಲಿ ಅಡುಗೆ, ಮುಖಮಜ್ಜನ ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಫ್ರಾನ್ಸಿನ ಎಷ್ಟೋ ತಂಗುದಾಣಗಳಲ್ಲಿ ನಲ್ಲಿಗಳನ್ನೇ ಮುಚ್ಚಿರುತ್ತಾರೆ, ಕ್ಯಾನ್ ತುಂಬುವ ಅವಕಾಶ ಸಿಕ್ಕಲ್ಲಿ ಬಿಡಬೇಡಿ. ಬಾಯ್ಲರ್ ಬೇಕೇ ಬೇಕೆನ್ನುವವರು ಮೊದಲು ಹೀಟರ್ ಹಾಕಿ ಮಂಚದಡಿ ಕೈಯಿಟ್ಟು ನೋಡಿ. 7 ಡಿಗ್ರಿ ದಾಟಿದ ಮೇಲೆ ಕವಾಟ ಒತ್ತಿ ಮುಚ್ಚಿ, ಆಮೇಲೆ ನೀರು. ತಣ್ಣಗಿರುವಾಗಲೇ ಒತ್ತಿದ ಕವಾಟ ಮುಚ್ಚಿ ನಿಲ್ಲುವುದಿಲ್ಲ ಎಂದು ಅದಕ್ಕೆ ಬಟ್ಟೆ ಸಿಕ್ಕಿಸುವ ಕ್ಲಿಪ್ ಹಾಕಿದವರನ್ನು ಕಂಡಿದ್ದೇನೆ. ಬಾಯ್ಲರ್ ಸೀಳಿದರೆ ಉಳಿಸಿದ ನೀರಿನ ಬೆಲೆ ತಿಳಿಯುತ್ತದೆ. ಬಚ್ಚಲ ನೀರಿನ ಟ್ಯಾಂಕಿನ ಕವಾಟ ಮಾತ್ರ ರಾತ್ರಿ ತೆರೆದೇ ಇರಲಿ, ಕೆಳಗೊಂದು ಬಕೆಟ್. ಬೆಳಿಗ್ಗೆ ಬಕೆಟ್ಟಿನ ಮಂಜುಗಡ್ಡೆ ತಟ್ಟಿದರೆ ಬರುತ್ತದೆ, ಪೈಪಿನದು ಬರುವುದಿಲ್ಲ.

ಗಾಜಿಗೆ ಹೊರಗಿನಿಂದ ಹೊದಿಸುವ ದಪ್ಪ ಹೊದಿಕೆಯನ್ನೇ ಕೊಳ್ಳಿ. ಒಳಗಡೆ ಅಂಟಿಸುವ ಬೆಳ್ಳಿ ಹಾಳೆಯ ಹಿಂದೆ ನೀರು ಇಳಿದು ಡ್ಯಾಶ್‌ಬೋರ್ಡ್ ನೆನೆಯುತ್ತದೆ. ಎಷ್ಟೇ ಚಳಿಯಿದ್ದರೂ ನೆಲದ ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ. ಸೋರಿದ ಗ್ಯಾಸ್ ಹೊರಹೋಗುವ ದಾರಿ ಅದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಹಾಸಿಗೆಯ ಹತ್ತಿರವೇ ಇರಲಿ.

ಹಂತ 4: ರಾತ್ರಿ ತಂಗುವುದು

ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ಮಲಗಬೇಡಿ, ಕಳ್ಳರ ಕಾಟ. ಹೆದ್ದಾರಿ ಬಿಟ್ಟು ಐದಾರು ಕಿಲೋಮೀಟರ್ ಒಳಗಿನ ಹಳ್ಳಿಗಳಲ್ಲಿ ಮೋಟರ್‌ಹೋಮ್‌ಗೆಂದೇ ಇರುವ ತಂಗುದಾಣಗಳಿವೆ. ವಿದ್ಯುತ್ ಇರುವುದನ್ನೇ ಆರಿಸಿಕೊಂಡರೆ ಗ್ಯಾಸ್ ಉಳಿಯುತ್ತದೆ.

ಹಂತ 5: ತಲುಪಿದ ಮೇಲೆ

ಸೆವಿಯಾದ ಬೀದಿಗಳಲ್ಲಿ ಕಿತ್ತಳೆ ಮರಗಳು ಹಣ್ಣು ಹೊತ್ತು ನಿಂತಿರುವುದನ್ನು ಕಂಡ ದಿನ ಟ್ಯಾಂಕ್ ತುಂಬಿಸಿ. ನಂತರ ಕಡಲ ದಂಡೆಗೆ ಹೋಗುವಾಗ ಒಂದು ಎಚ್ಚರ: ಸ್ಪೇನಿನಲ್ಲಿ ಗಾಡಿ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ಗಾಡಿಯೊಳಗೆ ಮಲಗಿದರೆ ಪಾರ್ಕಿಂಗ್, ಹೊರಗೆ ಒಂದು ಕುರ್ಚಿ ಬಿಚ್ಚಿದರೆ ಬಿಡಾರ, ದಂಡ. ನಮ್ಮ ಸ್ನೇಹಿತರು ಅಂತೂ ತಲುಪಿ, ಮೊದಲ ಬೆಳಿಗ್ಗೆಯೇ ಪಾರ್ಕಿಂಗ್ ಜಾಗದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಗ ಪೊಲೀಸರು ಬಂದರು.