ಶ್ರೌಡ್ ಸೆರಾಮಿಕ್ ಆಯಿತು, ಸಂದಿನ ಗತಿ?

ಗ್ಯಾಸ್ ಟರ್ಬೈನಿನಲ್ಲಿ, ಅಂದರೆ ವಿಮಾನದ ಜೆಟ್ ಇಂಜಿನಿನಂಥದ್ದರಲ್ಲಿ, ತಿರುಗುವ ಬ್ಲೇಡುಗಳ ತುದಿಯನ್ನು ಸುತ್ತುವರಿದು ಒಂದು ಉಂಗುರ ಇರುತ್ತದೆ. ಇಡೀ ಉಂಗುರವಲ್ಲ, ತುಂಡು ತುಂಡಾಗಿ ಜೋಡಿಸಿದ್ದು. ಅದೇ ಶ್ರೌಡ್. ಬೆಂಗಳೂರಿನಲ್ಲಿ ಕೂತು ನಾನು ಮಾಡಿದ ಕೆಲಸದಲ್ಲಿ ಬಹುಪಾಲು ಈ ಒಂದು ಭಾಗದ ವಿನ್ಯಾಸ, ಅದರ ಸೀಲುಗಳ ಲೆಕ್ಕ ಮತ್ತು ಪರೀಕ್ಷೆ. ಮೊದಲು ನಿಕಲ್ ಮಿಶ್ರಲೋಹದ ಶ್ರೌಡ್, ಆಮೇಲೆ ಸೆರಾಮಿಕ್ ಕಾಂಪೊಸಿಟ್. ಇದರಲ್ಲಿ ನಾರೂ ಸಿಲಿಕಾನ್ ಕಾರ್ಬೈಡ್, ನಾರನ್ನು ಹಿಡಿದಿಡುವ ಮ್ಯಾಟ್ರಿಕ್ಸೂ ಸಿಲಿಕಾನ್ ಕಾರ್ಬೈಡ್. ನಾರಿನ ಮೇಲೆ ಬೋರಾನ್ ನೈಟ್ರೈಡಿನ ತೆಳು ಲೇಪ ಇರುತ್ತದೆ. ಬಿರುಕು ಬಂದರೆ ನಾರು ಆ ಲೇಪದಲ್ಲಿ ಜಾರಿ ಭಾರ ಹೊರುತ್ತದೆ, ತುಂಡು ಒಮ್ಮೆಲೇ ಒಡೆದು ಬೀಳುವುದಿಲ್ಲ.

ವಸ್ತು ಈಗ ಹೊಸದೇನಲ್ಲ. 2016ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಲೀಪ್ ವಿಮಾನ ಇಂಜಿನಿನಲ್ಲಿ ಹೈ ಪ್ರೆಶರ್ ಟರ್ಬೈನಿನ ಮೊದಲ ಹಂತದ ಶ್ರೌಡ್ ಇದರದ್ದೇ. ಜಿಇ9ಎಕ್ಸ್ ಎಂಬ ಇನ್ನೊಂದು ವಿಮಾನ ಇಂಜಿನಿನಲ್ಲಿ ಕಂಬಸ್ಟರ್ ಲೈನರ್ (ಇಂಧನ ಉರಿಯುವ ಕೋಣೆಯ ಒಳಗೋಡೆ), ನಾಝಲ್‌ಗಳಿಗೂ ಹೋಗಿದೆ.

ಇದನ್ನು ಹಾಕುವ ಆಸೆ ಯಾಕೆ ಎಂದರೆ ಗಾಳಿ. ಬಿಸಿ ಅನಿಲ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ನಿಕಲ್ ಮಿಶ್ರಲೋಹ 1300ರ ಆಸುಪಾಸಿನಲ್ಲೇ ಕರಗಲು ಶುರು. ಅದನ್ನು ಉಳಿಸಿಕೊಳ್ಳಲು ಕಂಪ್ರೆಸರಿನ ಗಾಳಿಯಲ್ಲಿ ಐದರಲ್ಲಿ ಒಂದು ಪಾಲಿನವರೆಗೂ ಕೂಲಿಂಗಿಗೆ, ಸೀಲಿಂಗಿಗೆ ತಿರುಗಿಸಬೇಕಾಗುತ್ತದೆ. ಸೆರಾಮಿಕ್ ಕಾಂಪೊಸಿಟ್ 1200–1300 ಡಿಗ್ರಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ತೂಕ ಲೋಹದ ಮೂರನೇ ಒಂದು ಭಾಗ. ಇಷ್ಟು ಕೇಳಿದ ತಕ್ಷಣ ಮೀಟಿಂಗಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಹಂಗಾದ್ರೆ ಗಾಳಿ ಕಟ್ ಮಾಡ್ಬಿಡೋಣ."

ಅಲ್ಲೇ ನಾನು ತಡೆಯುತ್ತಿದ್ದೆ. ಶ್ರೌಡಿನ ಬೆನ್ನಿಗಿರುವ ಗಾಳಿಗೆ ತಂಪು ಮಾಡುವುದು ಅರ್ಧ ಕೆಲಸ ಮಾತ್ರ. ಇನ್ನರ್ಧ, ಬಿಸಿ ಅನಿಲ ಸಂದುಗಳಲ್ಲಿ ಒಳನುಗ್ಗದ ಹಾಗೆ ಒತ್ತಿ ಹಿಡಿಯುವುದು. ಸೆರಾಮಿಕ್ ತಡೆದುಕೊಳ್ಳಬಹುದು, ಅದರ ಹಿಂದಿರುವ ಹ್ಯಾಂಗರ್ (ಶ್ರೌಡನ್ನು ಹಿಡಿದಿಡುವ ಭಾಗ), ಕೇಸಿಂಗ್ (ಇಂಜಿನಿನ ಹೊರಕವಚ) ಎಲ್ಲ ಲೋಹವೇ. ಹಾಗಾಗಿ ನಾನು ಮೊದಲು ಮಾಡಿದ್ದು ಸಂದಿನ ಲೆಕ್ಕ. ಉಂಗುರದಲ್ಲಿ 30 ತುಂಡು, ಎರಡು ತುಂಡಿನ ನಡುವೆ 0.25 ಮಿ.ಮೀ. ಸಂದು, ಉದ್ದ 50 ಮಿ.ಮೀ. ಎಂದುಕೊಳ್ಳಿ. ಎಲ್ಲ ಕೂಡಿದರೆ 375 ಚದರ ಮಿ.ಮೀ. ಅಂದರೆ 22 ಮಿ.ಮೀ. ವ್ಯಾಸದ ಒಂದು ತೂತು, ಸುಮಾರು ಒಂದು ರೂಪಾಯಿ ನಾಣ್ಯದಷ್ಟು. ಅದನ್ನು ಮುಚ್ಚದೆ ಶ್ರೌಡ್ ಯಾವುದರಲ್ಲಿ ಮಾಡಿದರೂ ಗಾಳಿ ಉಳಿಯುವುದಿಲ್ಲ.

ಮುಚ್ಚುವುದಕ್ಕೆ ಸ್ಟ್ರಿಪ್ ಸೀಲ್ ಇದೆ. ಎದುರುಬದುರು ಅಂಚುಗಳಲ್ಲಿ ಸಣ್ಣ ತೋಡು ಕೊರೆದು, ಅದರಲ್ಲಿ ಕೋಬಾಲ್ಟ್ ಮಿಶ್ರಲೋಹದ ತೆಳು ಪಟ್ಟಿ ಜಾರಿಸುವುದು. ಹಿಂದಿನ ಒತ್ತಡವೇ ಪಟ್ಟಿಯನ್ನು ತೋಡಿನ ಗೋಡೆಗೆ ಒತ್ತಿ ಕೂರಿಸುತ್ತದೆ. ಲೋಹದಲ್ಲಿ ಇದು ದಿನನಿತ್ಯದ ಕೆಲಸ. ಸೆರಾಮಿಕ್ಕಿನಲ್ಲಿ ತೋಡು ಕೊರೆದರೆ ನಾರನ್ನೇ ಕತ್ತರಿಸಿದಂತೆ. ಪದರದ ಉದ್ದಕ್ಕೆ ಎಳೆದರೆ ಸುಮಾರು 300 ಮೆಗಾಪಾಸ್ಕಲ್ ತಡೆಯುವ ಈ ವಸ್ತು, ಪದರ ಬಿಡಿಸುವ ದಿಕ್ಕಿನಲ್ಲಿ ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲಷ್ಟೇ ತಡೆಯುತ್ತದೆ. ಪಟ್ಟಿ ಒತ್ತುವುದು ಸರಿಯಾಗಿ ಆ ದಿಕ್ಕಿನಲ್ಲೇ. ಅದಕ್ಕೆ ತೋಡನ್ನು ಬೆನ್ನಿನ ಕಡೆಗೆ ಸರಿಸಿ, ಅನಿಲದ ಕಡೆಯ ತುಟಿಯಲ್ಲಿ ಒಂದೆರಡು ಪದರ ಹೆಚ್ಚು ಉಳಿಯುವಂತೆ ಡ್ರಾಯಿಂಗ್ ಬದಲಿಸಿದೆ, ಮೂಲೆಗೆ ರೇಡಿಯಸ್ ಕೊಟ್ಟೆ.

ಮಾದರಿ ತುಂಡುಗಳನ್ನು ಉಜ್ಜಿಸಿದ್ದು ಪೀಣ್ಯದ ಒಂದು ಗ್ರೈಂಡಿಂಗ್ ಶಾಪಿನಲ್ಲಿ, ವಜ್ರದ ಚಕ್ರದಿಂದ. ಅಲ್ಲಿನ ಯಜಮಾನರು ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಸಾರ್, ಚಕ್ರ ಆಚೆ ಹೋಗೋವಾಗ ಅಂಚು ಉದುರುತ್ತೆ. ಎರಡೂ ಕಡೆಯಿಂದ ಒಳಕ್ಕೆ ಹೋಗಿ ನಡೂಮಧ್ಯೆ ಸೇರಿಸೋಣ. ಟೈಮ್ ಹಿಡಿಯುತ್ತೆ." "ಹಿಡೀಲಿ ಅಣ್ಣ, ಹಂಗೇ ಮಾಡಿ," ಎಂದೆ. ಅಂಚು ಉದುರದೆ ಬಂತು. ಪಟ್ಟಿ ಕೂರುವ ಗೋಡೆ ನಯವಾಗಿರಬೇಕು ಎನ್ನುವುದಕ್ಕೆ ನಾನು ಪಟ್ಟು ಹಿಡಿದೆ. ಒರಟು ಗೋಡೆಯ ಮೇಲೆ ಪಟ್ಟಿ ಉಬ್ಬುಗಳ ಮೇಲಷ್ಟೇ ಕೂರುತ್ತದೆ, ಗಾಳಿ ತಗ್ಗುಗಳಲ್ಲಿ ಆರಾಮವಾಗಿ ಹೋಗುತ್ತದೆ.

ಇನ್ನು ಹಿಡಿತ. ಸೆರಾಮಿಕ್ ಕಾಂಪೊಸಿಟ್ ಬಿಸಿಗೆ ಹಿಗ್ಗುವುದು ನಿಕಲ್ ಮಿಶ್ರಲೋಹದ ಮೂರನೇ ಒಂದು ಭಾಗ. 10 ಮಿ.ಮೀ.ನ ಲೋಹದ ಪಿನ್ 800 ಡಿಗ್ರಿ ಕಾದರೆ 0.12 ಮಿ.ಮೀ. ದಪ್ಪವಾಗುತ್ತದೆ. ಅದು ಕೂತಿರುವ ಸೆರಾಮಿಕ್ ತೂತು 1000 ಡಿಗ್ರಿ ಕಾದರೂ ಹಿಗ್ಗುವುದು 0.045 ಮಾತ್ರ. ಬಿಗಿಯಾಗಿ ಕೂರಿಸಿದರೆ ಪಿನ್ನೇ ತೂತನ್ನು ಸೀಳುತ್ತದೆ. ಸಡಿಲ ಬಿಟ್ಟರೆ ತಣ್ಣಗಿರುವಾಗ ಶ್ರೌಡ್ ಅಲುಗಾಡುತ್ತದೆ, ಬ್ಲೇಡ್ ತುದಿಯ ಗ್ಯಾಪ್ ಹೆಚ್ಚುಕಡಿಮೆ ಆಗುತ್ತದೆ. ದೊಡ್ಡ ವಿಮಾನ ಇಂಜಿನುಗಳಲ್ಲಿ ಆ ಗ್ಯಾಪ್ 0.25 ಮಿ.ಮೀ. ಕಡಿಮೆಯಾದರೆ ಇಂಧನ ಬಳಕೆ ಶೇ. 1ರಷ್ಟು ಇಳಿಯುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರೂ ಹಿಡಿದು ನಡೆಯುವ ಅಂದಾಜು, ಆದ್ದರಿಂದ ಇದು ತಮಾಷೆಯಲ್ಲ. ಪಿನ್ನಿಗೆ ಸಡಿಲ ಬಿಟ್ಟು, ತಂಪಾದ ಕಡೆಯಲ್ಲಿ ಸ್ಪ್ರಿಂಗ್ ಇಟ್ಟು, ಶ್ರೌಡನ್ನು ಯಾವಾಗಲೂ ಒಂದೇ ಮುಖಕ್ಕೆ ಒತ್ತಿಸಿಕೊಂಡೆವು. ಇದರಲ್ಲಿ ಒಂದು ಲಾಭವೂ ಇದೆ, ಯಾರೂ ಅಷ್ಟಾಗಿ ಹೇಳುವುದಿಲ್ಲ: ಲೋಹದ ತುಂಡು ಒಳಗೆ ಬಿಸಿ, ಹೊರಗೆ ತಂಪಾಗಿ ತನ್ನ ಕಮಾನು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಸೆರಾಮಿಕ್ ಅಷ್ಟು ಆಗುವುದಿಲ್ಲ, ಬ್ಲೇಡ್ ತುದಿಗೆ ಸುತ್ತಲೂ ಸಮನಾದ ಗ್ಯಾಪ್ ಸಿಗುತ್ತದೆ.

ಸೆರಾಮಿಕ್ಕಿಗೆ ಲೋಹ ತಾಗುವ ಜಾಗಗಳು ಎಲ್ಲೆಲ್ಲಿವೆ ಎಂದು ಬರೆಸಿ ಗೋಡೆಗೆ ಅಂಟಿಸಿದ್ದೆ. ನಿಕಲ್ ಮತ್ತು ಸಿಲಿಕಾನ್ ಸೇರಿದರೆ 1000 ಡಿಗ್ರಿಗೂ ಕೆಳಗೆ ಕರಗುವ ಮಿಶ್ರಣಗಳು ಹುಟ್ಟುತ್ತವೆ. ಮ್ಯಾಟ್ರಿಕ್ಸಿಗೆ ಕರಗಿದ ಸಿಲಿಕಾನ್ ಕುಡಿಸಿ ತಯಾರಿಸಿದ ತುಂಡಿನಲ್ಲಂತೂ ಸ್ವಲ್ಪ ಸಿಲಿಕಾನ್ ಬಿಡಿಯಾಗಿಯೇ ಉಳಿದಿರುತ್ತದೆ. ಆ ಜಾಗಗಳಿಗೆಲ್ಲ ನಡುವೆ ತಡೆಪದರ, ಜೊತೆಗೆ ಉಷ್ಣತೆಗೆ ಮಿತಿ.

ಕೊನೆಗೆ ಗಾಳಿ ಎಷ್ಟು ಬಿಡಬೇಕು ಎಂಬುದನ್ನು ನಿರ್ಧರಿಸಿದ್ದು ಬಿಸಿಯಲ್ಲ, ನೀರಿನ ಆವಿ. ಇಂಧನ ಉರಿದಾಗ ಆವಿ ಹುಟ್ಟುತ್ತದೆ. ಸಿಲಿಕಾನ್ ಕಾರ್ಬೈಡಿನ ಮೇಲೆ ತಾನಾಗಿ ಬೆಳೆಯುವ ಸಿಲಿಕಾದ ರಕ್ಷಣೆಯನ್ನು ಆ ಆವಿ ಅನಿಲವಾಗಿಸಿ ಹೊತ್ತೊಯ್ಯುತ್ತದೆ, ಮೇಲ್ಮೈ ದಿನದಿನಕ್ಕೆ ಸವೆಯುತ್ತದೆ. ಅನಿಲ ತಾಗುವ ಮುಖಕ್ಕೆ ಸಿಲಿಕಾನ್ ಪದರ, ಅದರ ಮೇಲೆ ಇಟರ್ಬಿಯಂ ಸಿಲಿಕೇಟಿನಂಥ ಕೋಟಿಂಗ್ ಹಾಕಬಹುದು. ಆದರೆ ಸೀಲ್ ತೋಡಿನ ಒಳಗೋಡೆಗೆ ಕೋಟಿಂಗ್ ದಪ್ಪ ಹಾಕಿದರೆ ಪಟ್ಟಿ ಜಾರುವುದಿಲ್ಲ, ತೆಳು ಹಾಕಿದರೆ ಕಿತ್ತುಬರುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ಇರುವುದು ಹೊರಗಿನ ವಾತಾವರಣದ ತೇವವಷ್ಟೇ. ಅದನ್ನೇ ಸಂದಿನಲ್ಲಿ ಹರಿಯಬಿಟ್ಟರೆ ಬಿಸಿ ಆವಿ ತೋಡಿನೊಳಗೆ ಬರುವುದಿಲ್ಲ. ಆದ್ದರಿಂದ ಸೋರಿಕೆಯನ್ನು ಪೂರ್ತಿ ನಿಲ್ಲಿಸುವ ಗುರಿ ಬಿಟ್ಟು, ಅಳತೆ ಮಾಡಿ ಬಿಡುವ ದಾರಿ ಹಿಡಿದೆವು. ಶ್ರೌಡಿನ ಮುಖದ ಮೇಲೆ ತಂಪು ಗಾಳಿಯ ತೆಳು ಪದರ ಹರಡುವ ಫಿಲ್ಮ್ ಕೂಲಿಂಗ್ ತೂತುಗಳು ಹೋದವು, ಬೆನ್ನಿಗೆ ರಭಸವಾಗಿ ಚಿಮ್ಮಿಸುತ್ತಿದ್ದ ಗಾಳಿ ಇಳಿಯಿತು, ಸಂದಿನ ಗಾಳಿ ಮಾತ್ರ ಉಳಿಯಿತು. ಬೆನ್ನಿಗೆ ಹೆಚ್ಚು ಗಾಳಿ ಚಿಮ್ಮಿಸಿದರೆ ದಪ್ಪದಲ್ಲಿ ಉಷ್ಣತೆಯ ಅಂತರ ಏರಿ ಮ್ಯಾಟ್ರಿಕ್ಸ್ ಬಿರುಕು ಬಿಡುವ ಅಪಾಯವೂ ಇದೆ, ಹಾಗಾಗಿ ಆ ಇಳಿಕೆ ಎರಡು ರೀತಿಯಲ್ಲಿ ಒಳ್ಳೆಯದಾಯಿತು.

ಪರೀಕ್ಷೆಯ ರಿಗ್ಗಿನಲ್ಲಿ ತಣ್ಣಗಿರುವಾಗ ಲೀಕೇಜ್ ಟೆಸ್ಟ್, ಬಿಸಿ ಪರೀಕ್ಷೆ, ಮತ್ತೆ ತಣ್ಣಗೆ ಲೀಕೇಜ್ ಟೆಸ್ಟ್, ಈ ಕ್ರಮವನ್ನು ಬಿಡಲಿಲ್ಲ. ಬಿಸಿಗೆ ಮುಂಚಿನ ಸೋರಿಕೆಗಿಂತ ಆಮೇಲಿನ ಸೋರಿಕೆ ಹೆಚ್ಚಿದ್ದರೆ ಮೊದಲು ಬಿಚ್ಚಿ ನೋಡುವುದು ಪಟ್ಟಿಯ ತುದಿಗಳನ್ನು, ಆಮೇಲೆ ತುಂಡನ್ನು ಸಿಟಿ ಸ್ಕ್ಯಾನಿಗೆ ಕಳಿಸುವುದು. ಹೆಚ್ಚಿನ ಸಲ ಉತ್ತರ ಪಟ್ಟಿಯಲ್ಲೇ ಸಿಗುತ್ತಿತ್ತು, ಸೆರಾಮಿಕ್ಕಿನಲ್ಲಲ್ಲ.